ಕಿಟಕಿಯಲ್ಲಿ ಕಡಲಿದ್ದ ಮಸೀದಿ

ನಮ್ಮ ಎದುರು ಫ್ಲ್ಯಾಟಿನ ಹಾಶಿಮ್‌ನಂಥ ಅಂಜುಬುರುಕನನ್ನು ನಾನು ಬೇರೆಲ್ಲೂ ಕಂಡಿಲ್ಲ. ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜಿನಲ್ಲಿ ಇಡೀ ದಿನ ಬೈಕ್ ಬಿಚ್ಚಿ ಜೋಡಿಸುವವನು. ಸ್ವಂತಕ್ಕೊಂದು ಹಳೆಯ ಬೈಕೂ ಉಂಟು. ಆದರೆ ದೋಹಾದಲ್ಲಿ ನಾವಿರುವ ಬಿನ್ ಮಹಮೂದ್ ಬಡಾವಣೆಯಿಂದ ಗ್ಯಾರೇಜಿಗೆ, ಗ್ಯಾರೇಜಿನಿಂದ ಮನೆಗೆ, ಅಷ್ಟೇ ಅವನ ಸವಾರಿ. "ಒಮ್ಮೆ ದೇಶ ನೋಡಿ ಬಾ ಮಾರಾಯ" ಎಂದರೆ, "ಮರಳಲ್ಲಿ ನೋಡ್ಲಿಕ್ಕೆ ಎಂತ ಉಂಟು ಹೇಜಲಕ್ಕ?" ಎನ್ನುತ್ತಿದ್ದ. ಅಂಥವನು ಒಂದು ಶುಕ್ರವಾರ ಜುಮಾ ನಮಾಜು ಮುಗಿಸಿ, ಒಬ್ಬನೇ ಬೈಕ್ ಹತ್ತಿ ಪಶ್ಚಿಮಕ್ಕೆ ಹೊರಟುಬಿಟ್ಟ.

ಕಾರಣ ಅವನ ಅಪ್ಪ ಮೂಸಬ್ಬ. ಉಳ್ಳಾಲದ ಆ ಹಿರಿಯರು ವಿಸಿಟ್ ವೀಸಾದಲ್ಲಿ ಮಗನ ಮನೆಗೆ ಬಂದಿದ್ದರು. ನಾನು ಇಲ್ಲೇ ಕ್ಲಿನಿಕ್ಕಿನಲ್ಲಿ ನರ್ಸ್. ಸಂಜೆ ಹೋಗಿ ಅವರಿಗೆ ಇನ್ಸುಲಿನ್ ಚುಚ್ಚುತ್ತಿದ್ದೆ. ಸೂಜಿ ಕಂಡರೆ ಸಾಕು, ಕಥೆ ಶುರು. ಮೀಸೆ ಮೂಡುವ ಪ್ರಾಯದಲ್ಲಿ ಮುಂಬಯಿಯಿಂದ ಲಾಂಚ್ ಹತ್ತಿ, ಕಾಗದಪತ್ರ ಏನೂ ಇಲ್ಲದೆ ಕತಾರ್‌ಗೆ ಬಂದವರಂತೆ. ಇಳಿದ ಊರಲ್ಲೊಂದು ಕಲ್ಲಿನ ಮಸೀದಿ. ನಮಾಜಿಗೆ ನಿಂತರೆ ಎದುರಿನ ಗೋಡೆಯ ಕಿಟಕಿಯಲ್ಲಿ ಕಡಲು, ಕಡಲಲ್ಲಿ ಮುಳುಗುವ ಸೂರ್ಯ. "ಥೇಟ್ ನಮ್ಮ ಉಳ್ಳಾಲದ ಹಾಗೆ" ಎನ್ನುತ್ತಿದ್ದರು.

ಎಡವಟ್ಟಾದದ್ದು ಇಲ್ಲೇ. ದೋಹಾದಲ್ಲಿ ಕಡಲಿರುವುದು ಪೂರ್ವಕ್ಕೆ. ಸೂರ್ಯ ನೀರಿನಿಂದ ಏಳುತ್ತಾನೆ, ಮುಳುಗುವುದು ಕಟ್ಟಡಗಳ ಹಿಂದೆ. ಮೆಕ್ಕಾದ ಕಡೆ ತಿರುಗಿದರೆ ಕಡಲು ಬೆನ್ನಿಗೆ. ಮೊಮ್ಮಗಳು ಆಸಿಯಾ ಒಂದು ದಿನ ಫೋನಿನಲ್ಲಿ ಮ್ಯಾಪ್ ತೆಗೆದು, "ಅಜ್ಜ, ವೆಸ್ಟ್ ಸೈಡಲ್ಲಿ ಸೀ ಉಂಟು, ಬಟ್ ಮುಂಬಯಿ ಬೋಟ್ ಅಷ್ಟು ರೌಂಡ್ ಹಾಕಿ ಯಾಕೆ ಹೋಗ್ತದೆ? ನಿಮ್ಗೆ ಮಿಕ್ಸ್ ಆಗಿದೆ" ಎಂದಳು. ಸೊಸೆ ಸಕೀನಾಗೆ ನಿಜಕ್ಕೂ ಹೆದರಿಕೆಯಾಯಿತು. ಉಳ್ಳಾಲದ ಕಡಲನ್ನು ತಂದು ಇಲ್ಲಿಡುತ್ತಿದ್ದಾರೆ, ಮಾವನಿಗೆ ಅರಳುಮರಳು ಎಂದುಕೊಂಡಳು. "ಊರಿಗೆ ಹೋದ ಕೂಡ್ಲೆ ತಲೆ ಡಾಕ್ಟ್ರಿಗೆ ತೋರಿಸ್ಬೇಕು. ಇನ್ನು ಒಬ್ರನ್ನೇ ಹೊರಗೆ ಬಿಡ್ಲಿಕ್ಕಾಗುದಿಲ್ಲ" ಎಂದು ನಾದಿನಿಗೆ ಫೋನ್ ಮಾಡಿದಳು. ಮೂಸಬ್ಬರ ಕಿವಿಗೆ ಅದು ಬಿತ್ತು.

ಅಂದಿನಿಂದ ಕಥೆ ಬಂದ್. ನಾನು ಚುಚ್ಚುವಾಗ ಒಮ್ಮೆ ಮಾತ್ರ ಮೆಲ್ಲಗೆ ಕೇಳಿದರು: "ಸಿಸ್ಟರ್, ನನ್ನ ತಲೆ ಹೋಗಿದೆಯಾ? ನಂಗೇ ಈಗ ಡೌಟು." ಚುಚ್ಚಿ ಮುಗಿಸಿ ಎದ್ದೆ. ನೇರ ಹೋಗಿ ಹಾಶಿಮ್‌ನನ್ನು ಹಿಡಿದುಕೊಂಡೆ. "ನಾಳಿದ್ದು ಅಪ್ಪ ವಿಮಾನ ಹತ್ತುತ್ತಾರೆ. ಮತ್ತೆ ಬರುವುದುಂಟಾ? ಬೈಕನ್ನು ಉಪ್ಪಿನಕಾಯಿ ಹಾಕ್ಲಿಕ್ಕೆ ಇಟ್ಟದ್ದಾ?" ಮರುದಿನ ಅವನು ಆ ಮಸೀದಿ ಹುಡುಕಿಕೊಂಡು ಹೊರಟ.

ಆ ಸಂಜೆ ಅವರ ಮನೆಯಲ್ಲಿ ನಾನು ಸಿರಿಂಜ್ ತುಂಬಿಸುವುದಕ್ಕೂ ವೀಡಿಯೊ ಕಾಲ್ ಬರುವುದಕ್ಕೂ ಸರಿಹೋಯಿತು. ಹಾಶಿಮ್‌ನ ಮುಖವೆಲ್ಲ ಧೂಳು, ಹಲ್ಲು ಮಾತ್ರ ಬೆಳ್ಳಗೆ. ದುಖಾನ್ ಹೈವೇ ಬಿಟ್ಟು ಒಳದಾರಿ ಹಿಡಿದನಂತೆ. ಡಾಂಬರು ಮುಗಿದು ಜಲ್ಲಿ, ಜಲ್ಲಿ ಮುಗಿದು ಮರಳು; ಬೈಕ್ ಎರಡು ಸಲ ಮಲಗಿತಂತೆ. ಒಂಟೆ ಕಾಯುವ ಸುಡಾನಿ ಒಬ್ಬ ಚಹಾ ಕೊಟ್ಟು, "ಯಲ್ಲಾ, ಸೀದಾ" ಎಂದು ಕಡಲಿನ ಕಡೆ ಕೈ ತೋರಿಸಿದನಂತೆ. ಹೇಳುವಾಗ ಅವನ ದನಿಯಲ್ಲಿ ಹೆದರಿಕೆಯ ಸುಳಿವೇ ಇರಲಿಲ್ಲ. "ಬಾಪಾ, ಸಿಕ್ಕಿತು! ಪಾಳುಬಿದ್ದ ಊರು. ಮಸೀದಿ ಉಂಟು, ಕಿಟಕಿಯಲ್ಲಿ ಕಡಲೂ ಕಾಣ್ತದೆ. ಇದೇ ಅಲ್ವಾ?"

ಸಕೀನಾ ಉಸಿರು ಬಿಟ್ಟಳು. ಆಸಿಯಾ ಅಜ್ಜನ ಹೆಗಲಿಗೆ ಒರಗಿ ಇಣುಕಿದಳು. ಮೂಸಬ್ಬರು ಕನ್ನಡಕ ಸರಿಮಾಡಿಕೊಂಡು ತುಂಬ ಹೊತ್ತು ನೋಡಿ, "ಇದಲ್ಲ" ಎಂದರು.

ಅಯ್ಯೋ ದೇವರೇ! ಹೌದು ಎಂದಿದ್ದರೆ ಯಾರ ಗಂಟು ಹೋಗುತ್ತಿತ್ತು? ಸಕೀನಾ ನನ್ನ ಮುಖ ನೋಡಿದಳು.

"ನಮ್ಮದಕ್ಕೆ ಬಾವಿ ಮೆಟ್ಟಿಲ ಹತ್ರವೇ ಇತ್ತು" ಎಂದರು ಮೂಸಬ್ಬರು. "ದಂಡೆ ಹಿಡಿದು ಬಲಕ್ಕೆ ಹೋಗು. ನೀರಲ್ಲಿ ಜೋಡಿ ಬಂಡೆ ಸಿಗ್ತದೆ. ಪೊಲೀಸರು ಕಾಣ್ಬಾರ್ದು ಅಂತ ಲಾಂಚ್ ನಡೆಸುವ ನಾಕೋದ ಅದನ್ನು ಸುತ್ತು ಹಾಕಿಸಿ ದೇಶದ ಬೆನ್ನಿಗೆ, ಪಶ್ಚಿಮಕ್ಕೆ ತಂದು, ಆ ಬಂಡೆ ಮರೆಯಲ್ಲಿ ನಮ್ಮನ್ನು ಇಳಿಸಿದ್ದು. ಅದನ್ನು ದಾಟಿದ್ರೆ ಊರು."

ಹಾಶಿಮ್ ಫೋನನ್ನು ಎದೆಯ ಜೇಬಿಗೆ ಸಿಕ್ಕಿಸಿಕೊಂಡ. ಪರದೆಯಲ್ಲಿ ಮರಳು ಕುಲುಕಿತು, ಆಕಾಶ ಕುಲುಕಿತು, ಬೈಕ್ ಗೊರಗೊರ ಅಂದಿತು. ನನ್ನ ಕೈಯ ಸಿರಿಂಜ್ ಹಾಗೇ ಇತ್ತು. ಆಮೇಲೆ ಬೈಕ್ ನಿಂತಿತು. ನೀರಿನಲ್ಲಿ ಕಪ್ಪಗೆ ಜೋಡಿ ಬಂಡೆ.

"ಬಾಪಾ..." ಎಂದ ಹಾಶಿಮ್.

ಮತ್ತೆ ಸ್ವಲ್ಪ ದೂರ. ಅರ್ಧ ಕುಸಿದ ಮೆಟ್ಟಿಲು, ಪಕ್ಕದಲ್ಲೇ ಮರಳು ತುಂಬಿದ ಬಾವಿ. ಹಾಶಿಮ್ ಒಳಹೊಕ್ಕು ಫೋನನ್ನು ಎತ್ತಿ ಹಿಡಿದ. ಗೋಡೆಯ ಕಿಟಕಿಯಾಚೆ ಕಡಲು, ಕಡಲಿಗೆ ತಾಗಿ ಕೆಂಪು ಸೂರ್ಯ.

ಸಕೀನಾ ಸೆರಗಿನಿಂದ ಕಣ್ಣೊತ್ತಿಕೊಂಡು, "ಮಾವ, ಡಾಕ್ಟ್ರು ಗೀಕ್ಟ್ರು ಎಲ್ಲ ಖಲಾಸ್" ಎಂದಳು. ಮೂಸಬ್ಬರು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅಂಗಿಯ ತೋಳು ಮೇಲೇರಿಸಿ ಕೈಯನ್ನು ನನ್ನತ್ತ ಚಾಚಿದರು. "ಚುಚ್ಚಿ ಸಿಸ್ಟರ್. ಹಾಂ, ಎಲ್ಲಿಗೆ ನಿಲ್ಲಿಸಿದ್ದೆ ನಾನು?"

"ಬೋಟಿಂದ ಇಳಿದ್ರಿ ಅಜ್ಜ" ಎಂದಳು ಆಸಿಯಾ. "ಆಮೇಲೆ?"