ನಡುವಿನವಳು ಕಲಿಪಾ

ಕಲಿಪಾ ಜಿಪುಣಿ ಎಂದು ನಮ್ಮ ಸಾಲಿನಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನೂ ಹೇಳುತ್ತಿದ್ದೆ, ಅವಳ ಮುಖಕ್ಕೇ ಹೇಳುತ್ತಿದ್ದೆ. ನಮ್ಮ ಕಿರ್ಗಿಜ್ ನಾಡಿನ ದೊರ್ದೊಯ್ ಬಜಾರಿನಲ್ಲಿ ಸರಕು ಸಾಗಿಸುವ ಕಬ್ಬಿಣದ ಕಂಟೇನರುಗಳೇ ಅಂಗಡಿ; ನಮ್ಮಿಬ್ಬರವೂ ಎದುರುಬದುರು. ನಾನು ಕಾಲುಚೀಲ, ಕೈಗವಸು ಮಾರುವವಳು. ಅವಳು ಮಕ್ಕಳ ಚಳಿಗಾಲದ ಕೋಟು ಮಾರುವವಳು. ನಡುವೆ ಒಂದು ಕೈಗಾಡಿ ಹೋಗುವಷ್ಟು ಜಾಗ. ಇಷ್ಟು ಹತ್ತಿರ ಕೂತ ಹೆಂಗಸರ ಮಧ್ಯೆ ಮರ್ಯಾದೆಯ ಮಾತು ಬಹಳ ದಿನ ನಿಲ್ಲುವುದಿಲ್ಲ.

ನಮ್ಮಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕಿದರೂ ಔತಣ, ಮನೆಗೆ ಹೊಸ ತಗಡು ಹೊದಿಸಿದರೂ ಔತಣ. ಕಲಿಪಾ ಎಲ್ಲದಕ್ಕೂ ಹೋಗುತ್ತಿದ್ದಳು, ಒಳ್ಳೆಯ ಉಡುಗೊರೆಯನ್ನೇ ಕೊಡುತ್ತಿದ್ದಳು. ಆದರೆ ಅವಳ ಮನೆಯ ಚಹಾ ಯಾವ ಬಣ್ಣದ್ದು ಎಂದು ಸಾಲಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

"ಏನೇ, ನಿನ್ನ ಮನೆಗೆ ಬಾಗಿಲು ಇದೆಯೋ ಇಲ್ವೋ?" ಎಂದು ಕೆಣಕುತ್ತಿದ್ದೆ.

"ಬಾಗಿಲಿದೆ ಅಕ್ಕ. ಬೀಗ ತುಕ್ಕು ಹಿಡಿದಿದೆ," ಎನ್ನುತ್ತಿದ್ದಳು, ನಗದೆ.

ಗಂಡ ಎಂಬುವನು ಅವಳಿಗೆ ಮೂವತ್ತು ದಾಟಿದ ಹೊತ್ತಿಗೇ ತೊಕ್ಮೊಕ್ ಊರಿನಲ್ಲಿ ಇನ್ನೊಂದು ಸಂಸಾರ ಹೂಡಿದ್ದ. ಮಕ್ಕಳಿರಲಿಲ್ಲ. ಎರಡು ಕೋಣೆಯ ಮನೆ, ಒಂದು ಹೊಲಿಗೆ ಯಂತ್ರ, ಅಷ್ಟೇ ಅವಳ ಸಂಪತ್ತು. ಆದರೆ ಅವಳು ಜಿಪುಣಿ ಆಗಿದ್ದು ದುಡ್ಡಿನ ಆಸೆಗಲ್ಲ, ಹೆದರಿಕೆಗೆ. ಆ ಹೆದರಿಕೆ ಅರ್ಥವಾಗಬೇಕಾದರೆ ಅವಳ ವ್ಯಾಪಾರ ಅರ್ಥವಾಗಬೇಕು.

ನಮ್ಮ ಸಾಲಿನಲ್ಲಿ ಒಂದು ಕೋಟು ಹೊರಗೆ ನೇತು ಹಾಕಿದರೆ ಮುಗಿಯಿತು. ವಾರ ಕಳೆಯುವುದರೊಳಗೆ ಅದೇ ಬಣ್ಣ, ಅದೇ ಗುಂಡಿ, ಅದೇ ಟೊಪ್ಪಿಗೆಯ ಕೋಟು ಪಕ್ಕದವನ ಬಳಿಯೂ ನೇತಾಡುತ್ತದೆ, ಅದೂ ಕಡಿಮೆ ಬೆಲೆಗೆ. ಅವನಿಗಿಂತ ಕಡಿಮೆಗೆ ಅವನ ಪಕ್ಕದವನು. ಹೀಗೆ ಎಲ್ಲರೂ ಸೇರಿ ಒಬ್ಬರನ್ನೊಬ್ಬರು ಹಳ್ಳಕ್ಕೆ ತಳ್ಳುವುದೇ ನಮ್ಮ ಪೈಪೋಟಿ. ಕಲಿಪಾ ಮಾತ್ರ ಆ ಹಳ್ಳಕ್ಕೆ ಬೀಳಲಿಲ್ಲ. ಹೊಸ ಮಾದರಿಯನ್ನು ಹೊರಗೆ ತೂಗುತ್ತಲೇ ಇರಲಿಲ್ಲ. ಅಂಗಡಿಯ ಮೇಲೆ ಪೇರಿಸಿದ ಉಗ್ರಾಣದ ಕಂಟೇನರಿನಲ್ಲಿ ಕಟ್ಟು ಕಟ್ಟಾಗಿ ಇಟ್ಟು, ಒಂದು ಬಣ್ಣದ ಎಲ್ಲ ಅಳತೆಗಳನ್ನೂ ಒಟ್ಟಿಗೇ ಕೊಳ್ಳುವ ಸಗಟು ಗಿರಾಕಿಗೆ ಮಾತ್ರ ತೋರಿಸುತ್ತಿದ್ದಳು.

ಹೇಳಿಕೊಳ್ಳುವಂಥ ಗಿರಾಕಿ ಅವಳಿಗೆ ಒಬ್ಬಳೇ: ಜೌರೇಶ್. ಕಜಕ್ ಹೆಂಗಸು, ಕೊಸ್ತನಾಯ್ ಕಡೆಯವಳು, ದಪ್ಪ ದನಿ, ದೊಡ್ಡ ಮನಸ್ಸು. ಪ್ರತಿ ಆಗಸ್ಟಿನಲ್ಲಿ ಬಂದು, ಕಲಿಪಾಳ ಹತ್ತಿರ ಇಡೀ ಚಳಿಗಾಲಕ್ಕೆ ಬೇಕಾದ ಕೋಟು ಹೇರಿಕೊಂಡು ಉತ್ತರಕ್ಕೆ ಹೋಗುತ್ತಿದ್ದಳು. ಆ ಕೋಟುಗಳನ್ನು ಹೊಲಿಯುತ್ತಿದ್ದವಳು ಶಾರ್ಕುಲ್. ಊರ ಅಂಚಿನ ಹೊಸ ಬಡಾವಣೆಯ ನೆಲಮಾಳಿಗೆಯಲ್ಲಿ ಅವಳ ಹೊಲಿಗೆ ಕಾರ್ಖಾನೆ. ಯಾವ ಬಟ್ಟೆ, ಯಾವ ಒಳಪದರ, ಜೇಬು ಎಲ್ಲಿ ಎಂದು ಕಲಿಪಾ ಹೇಳಬೇಕು, ಶಾರ್ಕುಲ್ ಹೊಲಿಯಬೇಕು, ಜೌರೇಶ್ ಕೊಳ್ಳಬೇಕು. ಇಬ್ಬರ ನಡುವೆ ನಿಂತು ಕಲಿಪಾ ಬದುಕಬೇಕು.

ಆ ಇಬ್ಬರೂ ಎಂದಾದರೂ ಎದುರಾದರೆ ನಡುವಿನವಳು ಯಾರಿಗೂ ಬೇಡ. ಅದಕ್ಕೇ ಅವಳು ಜೌರೇಶ್‌ಗೆ, ಕೋಟು ಗಡಿಯಾಚೆಯ ಕಾರ್ಖಾನೆಯಿಂದ ಕಣಿವೆ ದಾಟಿ ಬರುತ್ತದೆ ಎಂದು ಹೇಳಿದ್ದಳು. ಶಾರ್ಕುಲ್‌ಗೆ, ಕೊಳ್ಳುವವನು ವಿಕ್ಟರ್ ಎಂಬ ರಷ್ಯದವನು, ಮಹಾ ಕುಡುಕ, ಹೆಂಗಸರೊಂದಿಗೆ ಮುಖ ಕೊಟ್ಟು ಮಾತಾಡುವುದಿಲ್ಲ ಎಂದು ಹೇಳಿದ್ದಳು. ಈ ಇಲ್ಲದ ವಿಕ್ಟರನಿಗೆ ವರ್ಷ ವರ್ಷ ಒಂದೊಂದು ಕಾಯಿಲೆಯನ್ನೂ ಕೊಡುತ್ತಿದ್ದಳು. ಬೆಲೆ ಇಳಿಸಬೇಕಾದಾಗ, "ಪಾಪ, ವಿಕ್ಟರನಿಗೆ ಈ ಸಲ ಪಿತ್ತಕೋಶ," ಎನ್ನುವಳು. ಕೋಟಿನ ಮೂಲ ತಿಳಿಯಬಾರದೆಂದು, ಕತ್ತಿನ ಹಿಂದೆ ಯಾವುದೋ ಇಟಲಿಯ ಊರಿನ ಹೆಸರಿನ ಲೇಬಲ್ಲನ್ನು ಮನೆಯಲ್ಲಿ ತಾನೇ ಕೂತು ಹೊಲಿಯುತ್ತಿದ್ದಳು. ಇದೆಲ್ಲ ನನಗೆ ಗೊತ್ತಿತ್ತು. ಕೈಗಾಡಿಯಷ್ಟು ಜಾಗದಾಚೆ ಕೂತವಳಿಂದ ಏನನ್ನು ಮುಚ್ಚಿಡಲು ಆಗುತ್ತದೆ? ಆದರೆ ಇನ್ನೊಬ್ಬರ ಗಿರಾಕಿಯನ್ನು ಕೆಡಿಸುವುದು ನಮ್ಮ ಸಾಲಿನಲ್ಲಿ ಕಳ್ಳತನಕ್ಕಿಂತ ಕೀಳು. ನಾನು ಬಾಯಿ ಬಿಡಲಿಲ್ಲ.

ವಿಚಿತ್ರವೆಂದರೆ ಅವಳಿಗೆ ಲೋಕದಲ್ಲಿ ನನ್ನವರು ಎನ್ನಲು ಇದ್ದವರೂ ಅವರಿಬ್ಬರೇ. ಶಾರ್ಕುಲ್ ಮಗಳ ಮದುವೆಗೆ ಹೋಗಿ ಬಂದು ಒಂದು ತಿಂಗಳು ಅದನ್ನೇ ಹೇಳಿದಳು. ಜೌರೇಶ್ ಊರಿಗೆ ಹೊರಟ ದಿನ ಬಸ್ಸಿನ ಹಿಂದೆ ನಿಂತು ಅತ್ತು ಬರುತ್ತಿದ್ದಳು. ಒಬ್ಬಳ ಮುಂದೆ ಇನ್ನೊಬ್ಬಳ ಹೆಸರು ಬಾಯಿಂದ ಜಾರಬಾರದಲ್ಲ, ಹಾಗಾಗಿ ಇಬ್ಬರ ಬಳಿಯೂ ಅರ್ಧ ಮಾತೇ ಆಡುವಳು. ಅವರಿಬ್ಬರ ಬಗ್ಗೆಯೂ ಪೂರ್ತಿ ಮಾತಾಡಲು ಅವಳಿಗೆ ಸಿಕ್ಕಿದ್ದು ನಾನೊಬ್ಬಳೇ, ಕಾಲುಚೀಲದವಳು.

ಅವಳಿಗೆ ಅರವತ್ತು ತುಂಬುವ ವರ್ಷ ಸಾಲಿನ ಹೆಂಗಸರು ಬಿಡಲಿಲ್ಲ. "ಅರವತ್ತಕ್ಕೂ ಊಟ ಹಾಕಿಸ್ದಿದ್ರೆ ಇನ್ನು ತಿಥಿಗೇ ಉಣ್ಬೇಕು ನಾವು," ಎಂದು ಕುಟುಕಿದರು. ಒಂದು ಬೆಳಿಗ್ಗೆ ಕಲಿಪಾ ನನ್ನ ಕಂಟೇನರಿಗೆ ಬಂದು ಕೂತಳು.

"ಅಕ್ಕ, ಔತಣ ಮಾಡ್ತೀನಿ. ಅಕ್ಟೋಬರಿಗೆ. ಹಾಲ್ ಗೊತ್ತು ಮಾಡಿದ್ದೀನಿ."

"ಅಬ್ಬ! ಬೀಗದ ತುಕ್ಕು ಬಿಡ್ತಾ?"

"ಇಬ್ಬರನ್ನೂ ಕರೀತೀನಿ."

ನನ್ನ ನಗು ನಿಂತುಹೋಯಿತು. "ಹುಚ್ಚು ಹಿಡಿದಿದೆಯೇನೇ? ಇಷ್ಟು ವರ್ಷ ಕಾಪಾಡ್ಕೊಂಡು ಬಂದಿದ್ದನ್ನ ಒಂದು ಊಟಕ್ಕೆ ಹಾಳು ಮಾಡ್ಕೋತೀಯಾ? ಈಗ ಒಬ್ಬಳನ್ನ ಕರಿ, ಇನ್ನೊಬ್ಬಳಿಗೆ ಆಗಸ್ಟಲ್ಲಿ ಊಟ ಹಾಕು."

"ನನಗಿರೋದೇ ಇಬ್ಬರು ಅಕ್ಕ. ನನ್ನ ಅರವತ್ತಕ್ಕೂ ಒಬ್ಬಳನ್ನ ಬಚ್ಚಿಡ್ಬೇಕಾ? ದೂರ ದೂರದ ಮೇಜಲ್ಲಿ ಕೂರಿಸ್ತೀನಿ. ಹಾಡು ಇರುತ್ತೆ, ಗದ್ದಲ ಇರುತ್ತೆ, ಯಾರು ಯಾರನ್ನ ಕೇಳ್ತಾರೆ? ನನಗೆ ಒಂದು ಸಲ ಇಬ್ಬರನ್ನೂ ಒಂದೇ ಸೂರಿನಡಿ ನೋಡ್ಬೇಕು ಅಷ್ಟೇ."



ಔತಣದಲ್ಲಿ ನಿರೂಪಕ ಒಬ್ಬೊಬ್ಬ ಅತಿಥಿಯನ್ನೂ ಎಬ್ಬಿಸಿ ಹಾರೈಕೆ ಹೇಳಿಸುವುದು ನಮ್ಮ ಪದ್ಧತಿ. ನಿರೂಪಕ ಮೆಲಿಸ್ ಹಿಂದೆ ರೇಡಿಯೋದಲ್ಲಿದ್ದವನು, ಬಾಯಿ ಮುಚ್ಚಿದರೆ ಉಸಿರು ಕಟ್ಟುವಂಥವನು. ಕಲಿಪಾ ಅವನನ್ನು ಮೂಲೆಗೆ ಕರೆದು, ಬಾಗಿಲ ಬಳಿಯ ಮೇಜನ್ನು ಎಬ್ಬಿಸಬೇಡ, ಅವರು ನಾಚಿಕೆಯವರು ಎಂದು ಹೇಳಿದಳು. ಆ ಮೇಜಿನಲ್ಲಿ ಶಾರ್ಕುಲ್ ಮತ್ತು ಅವಳ ಹೊಲಿಗೆಯ ಹುಡುಗಿಯರು ಕೂತಿದ್ದರು. ಕಲಿಪಾಳ ಜಾಣತನವೆಲ್ಲ ಇಲ್ಲಿ ಕೈಕೊಟ್ಟಿತು. ಕಿರ್ಗಿಜ್ ಹೆಂಗಸಿಗೆ ಮಾಂಸ ಕಡಿಮೆ ಬಡಿಸಿದರೂ ಸಹಿಸಿಯಾಳು, ಹಾರೈಕೆಗೆ ಕರೆಯದಿದ್ದರೆ ಸಹಿಸುತ್ತಾಳೆಯೇ?

ದೂರದಿಂದ ಬಂದ ಅತಿಥಿಯೆಂದು ಮೊದಲು ಎಬ್ಬಿಸಿದ್ದು ಜೌರೇಶಳನ್ನೇ. "ಕಲಿಪಾ ನನ್ನ ತಂಗಿ. ನಮ್ಮೂರಿನ ಚಳಿಗೆ ಅರ್ಧ ಔಷಧಿ ಇವಳೇ," ಎಂದು ಜೌರೇಶ್ ಎತ್ತರದ ದನಿಯಲ್ಲಿ ಹಾರೈಸಿದಳು. ಆಮೇಲೆ ನೆಂಟರು, ಬಜಾರಿನವರು, ನಾನು. ಬಾಗಿಲ ಬಳಿಯ ಮೇಜು ಕಾಯುತ್ತಲೇ ಇತ್ತು. ಮೆಲಿಸ್ ಇನ್ನು ಕುಣಿತ ಎಂದಾಗ ಶಾರ್ಕುಲ್ ಒಂದು ದೊಡ್ಡ ಗಂಟು ಹಿಡಿದು ನೇರ ನಡೆದು ಬಂದಳು.

"ಮೆಲಿಸಣ್ಣ, ನಮ್ಮ ಮೇಜಿನವರಿಗೆ ದೇವರು ಬಾಯಿ ಕೊಟ್ಟಿಲ್ವಾ?" ಎಂದು ಮೈಕು ಕಿತ್ತುಕೊಂಡಳು. ಸಭೆ ನಕ್ಕಿತು. "ನನಗೆ ಮಾತು ಬರಲ್ಲ, ಹೊಲಿಗೆ ಬರುತ್ತೆ. ಅಕ್ಕನಿಗೆ ನನ್ನ ಹಾರೈಕೆ ಇದು."

ಅರವತ್ತು ತುಂಬಿದವರಿಗೆ ನಿಲುವಂಗಿ ಹೊದಿಸುವುದು ರೂಢಿ. ಶಾರ್ಕುಲ್ ತೆಗೆದದ್ದು ಅಂಗಡಿಯ ಜರಿಯ ನಿಲುವಂಗಿಯಲ್ಲ. ಆ ವರ್ಷ ಕಲಿಪಾಳೇ ಯೋಚಿಸಿ ಹೊಲಿಸಿದ್ದ ಮಕ್ಕಳ ಕೋಟನ್ನೇ ಅವಳ ಅಳತೆಗೆ ದೊಡ್ಡದು ಮಾಡಿ ಹೊಲಿದಿದ್ದಳು. ಕಡುನೀಲಿ ಬಟ್ಟೆ, ಸಾಸಿವೆ ಬಣ್ಣದ ಒಳಪದರ, ಓರೆ ಜೇಬಿಗೆ ಕೆಂಪು ದಾರ. ಎಲ್ಲರೆದುರು ಅದನ್ನು ಕಲಿಪಾಳ ಹೆಗಲಿಗೆ ಹೊದಿಸಿ ಮುತ್ತಿಟ್ಟಳು. ಎಷ್ಟು ಪ್ರೀತಿಯಿಂದ ಮಾಡಿದ್ದಳೆಂದರೆ ನನಗೆ ಈಗಲೂ ನೆನೆದರೆ ಸಂಕಟವಾಗುತ್ತದೆ.

ಜೌರೇಶ್ ಎದ್ದು ಬಂದಳು. ಕೋಟಿನ ಅಂಚನ್ನು ಹಿಡಿದು ಒಳಮಗ್ಗುಲಿಗೆ ಮಡಚಿ ಹೊಲಿಗೆ ನೋಡಿದಳು.

"ಇದನ್ನ ಹೊಲಿದಿದ್ದು ನೀನಾ?"

"ಮತ್ಯಾರು? ಇಪ್ಪತ್ತು ವರ್ಷದಿಂದ ಅಕ್ಕನಿಗೆ ನಾನೇ ಹೊಲಿಯೋದು."

"ನಮ್ಮೂರಲ್ಲಿ ಅರ್ಧ ಮಕ್ಕಳು ಇದನ್ನೇ ಹಾಕ್ಕೊಂಡು ಸ್ಕೂಲಿಗೆ ಹೋಗ್ತಿದಾವಲ್ಲೇ! ನಾನೇ ಮಾರಿದ್ದು!"

ಶಾರ್ಕುಲ್ ಕಣ್ಣು ಪಿಳಿಪಿಳಿ ಮಾಡಿದಳು. "ಹಾಗಾದ್ರೆ ವಿಕ್ಟರ್?"

"ಯಾವ ವಿಕ್ಟರ್?"

ಯಾರೂ ಜಗಳವಾಡಲಿಲ್ಲ. ಜಗಳವಾಡಿದ್ದರೆ ಒಳ್ಳೆಯದಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಮೊದಲು ಬೆರಗಾದರು, ಆಮೇಲೆ ನಕ್ಕರು, ಆಮೇಲೆ ಒಂದೇ ಮೇಜಿಗೆ ಕುರ್ಚಿ ಎಳೆದುಕೊಂಡು ಕೂತರು. ಝಿಪ್ಪು ಯಾಕೆ ಬೇಗ ಕೆಡುತ್ತದೆ, ತೋಳು ಯಾಕೆ ಗಿಡ್ಡ ಎಂದು ಇಬ್ಬರಿಗೂ ಇಷ್ಟು ವರ್ಷದ ಮಾತು ಬಾಕಿ ಇತ್ತು. ಹೊದಿಸಿದ ನಿಲುವಂಗಿಯನ್ನು ನೆಂಟರು ಏಳುವ ಮೊದಲು ಬಿಚ್ಚುವಂತಿಲ್ಲ. ಕಲಿಪಾ ಆ ಸೆಕೆಯ ಸಭಾಂಗಣದಲ್ಲಿ ಚಳಿಗಾಲದ ಕೋಟು ಹೊದ್ದು, ಬೆವರುತ್ತಾ, ಮೇಜಿನಿಂದ ಮೇಜಿಗೆ ಉಪಚಾರ ಹೇಳುತ್ತಾ ತಿರುಗಿದಳು. ಆ ಒಂದು ಮೇಜಿಗೆ ಮಾತ್ರ ಹೋಗಲಿಲ್ಲ.

ಕೊನೆಗೆ ಎಲ್ಲರೂ ಉಳಿದ ಮಾಂಸದಲ್ಲಿ ತಮ್ಮ ಪಾಲನ್ನು ಪದ್ಧತಿಯಂತೆ ಚೀಲಕ್ಕೆ ತುಂಬಿಕೊಂಡು ಹೊರಡುವಾಗ ಜೌರೇಶ್ ಅವಳನ್ನು ಬಾಗಿಲಲ್ಲಿ ನಿಲ್ಲಿಸಿದಳು. ನಾನೂ ನನ್ನ ಚೀಲ ಹಿಡಿದು ಅಲ್ಲೇ ಇದ್ದೆ.

"ಲಾಭದ ಮಾತು ಬಿಡು ಕಲಿಪಾ. ವ್ಯಾಪಾರದಲ್ಲಿ ನಾನೂ ಸುಳ್ಳು ಹೇಳ್ತೀನಿ," ಎಂದಳು ಜೌರೇಶ್. "ಆದ್ರೆ ಪ್ರತಿ ಆಗಸ್ಟು ಬಸ್ ನಿಲ್ದಾಣದ ಹಿಂದಿನ ಆ ಕೊಳಕು ರೂಮಲ್ಲಿ ಒಬ್ಬಳೇ ಬಿಸಿನೀರಿಗೆ ಬ್ರೆಡ್ ಅದ್ದಿಕೊಂಡು ತಿಂತಿದ್ದೆ. ನಿನ್ನ ಮನೆ ಎಷ್ಟು ದೂರ ಇತ್ತು ಅಲ್ಲಿಂದ?"

ಕಲಿಪಾ ನೆಲ ನೋಡಿದಳು. "ಮನೇಲಿ ಲೇಬಲ್ ಹೊಲೀತಿದ್ದೆ ಅಕ್ಕ. ನೀನು ಬಂದ್ರೆ ನೋಡ್ಬಿಡ್ತೀಯ ಅಂತ..."

"ನೋಡಿದ್ರೆ ಏನಾಗ್ತಿತ್ತು? ನಾನೂ ಪಕ್ಕದಲ್ಲಿ ಕೂತು ಹೊಲೀತಿದ್ದೆ."



ಆ ಚಳಿಗಾಲದಲ್ಲಿ ಶಾರ್ಕುಲ್ ಮತ್ತು ಜೌರೇಶರ ವ್ಯವಹಾರ ನೇರವಾಯಿತು. ಕೆಟ್ಟವರಲ್ಲ ಅವರು. ಶಾರ್ಕುಲ್ ಬಂದು, "ಅಕ್ಕ, ನೀನೂ ಬಾ, ಮಾದರಿ ಯೋಚನೆ ಮಾಡೋದು ನಿನ್ನ ಕೆಲಸ, ನಿನ್ನ ಪಾಲು ನಿನಗೆ," ಎಂದು ಕೈಹಿಡಿದು ಕರೆದಳು. ಕಲಿಪಾ ಒಂದು ದಿನ ಹೋದಳು. ಆ ಹೊತ್ತಿಗೆ ಶಾರ್ಕುಲ್ ಫೋನಿನಲ್ಲಿ ಜೌರೇಶಳಿಗೆ ಬಟ್ಟೆ ತೋರಿಸುತ್ತಾ, ಬಣ್ಣದ ಬಗ್ಗೆ ಕೀಟಲೆ ಮಾಡುತ್ತಾ, ಬಿದ್ದು ಬಿದ್ದು ನಗುತ್ತಿದ್ದಳಂತೆ. ಕಲಿಪಾ ಬಂದದ್ದು ಕಂಡು ನಗು ನಿಲ್ಲಿಸಿದಳಂತೆ.

"ನಿಲ್ಲಿಸಿದರೆ ಏನೀಗ? ಮತ್ತೆ ಶುರು ಮಾಡಿಸ್ಬೇಕಿತ್ತು," ಎಂದು ನಾನು ರೇಗಿದೆ. "ಹೋಗೇ ಮೊಂಡಿ. ಕರೆದಾಗ ಹೋಗು."

"ಅವರು ಕರೀತಿರೋದು ಮರ್ಯಾದೆಗೆ ಅಕ್ಕ," ಎಂದು ಅವಳು ಮತ್ತೆ ಹೋಗಲಿಲ್ಲ. ಎಲ್ಲರಂತೆ ಗಡಿಯಾಚೆಯ ಅಗ್ಗದ ಕೋಟು ತರಿಸಿ, ಎಲ್ಲರಂತೆ ಹೊರಗೆ ನೇತು ಹಾಕಿದಳು. ಸಾಲಿನಲ್ಲಿ ಅಷ್ಟರಲ್ಲಿ ಜನವೂ ಕಡಿಮೆಯಾಗಿದ್ದರು. ಕೊಳ್ಳುವವರು ಫೋನಿನಲ್ಲೇ ಗೋದಾಮಿನಿಂದ ತರಿಸುತ್ತಿದ್ದರು. ಕೆಲವು ಕಂಟೇನರುಗಳು ವಾರಗಟ್ಟಲೆ ಮುಚ್ಚಿರುತ್ತಿದ್ದವು.

ಆಗಸ್ಟಿನಲ್ಲಿ ಜೌರೇಶ್ ಬಂದಳು. ಉಳಿದದ್ದು ಶಾರ್ಕುಲ್ ಮನೆಯಲ್ಲಿ. ಒಂದು ಮಧ್ಯಾಹ್ನ ಸಿಹಿತಿಂಡಿಯ ಪೊಟ್ಟಣ ಹಿಡಿದು ಕಲಿಪಾಳ ಕಂಟೇನರಿಗೂ ಬಂದು, ಚಹಾ ಕುಡಿದು, ಮಂಡಿನೋವಿನ ಬಗ್ಗೆ ಮಾತಾಡಿದಳು. ಏಳುವಾಗ ನೇತು ಹಾಕಿದ್ದ ಕೋಟುಗಳ ಕಡೆ ಕೈ ತೋರಿಸಿ, "ಒಂದು ಕಟ್ಟು ಕೊಡು. ಎಷ್ಟು?" ಎಂದಳು.

ಕಲಿಪಾ ಬೆಲೆ ಹೇಳಿದಳು. ನಮ್ಮ ಬಜಾರಿನಲ್ಲಿ ಚೌಕಾಸಿಗೆಂದು ಮೊದಲು ಹೇಳುವಂಥ ಬೆಲೆಯೇ, ಕೇಳಿದವರು ಎದೆ ಬಡಿದುಕೊಳ್ಳಲೆಂದೇ ಏರಿಸಿ ಹೇಳಿದ್ದು. ಹೇಳಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು. ಎಷ್ಟೋ ತಿಂಗಳಾದ ಮೇಲೆ ಅವಳ ಮುಖದಲ್ಲಿ ಗೆಲುವು ಕಂಡೆ.

ಜೌರೇಶ್ ಚೀಲ ತೆರೆದು ಅಷ್ಟನ್ನೂ ಕೊಟ್ಟಳು. "ಚೆನ್ನಾಗಿರು ಕಲಿಪಾ," ಎಂದು ಕೆನ್ನೆ ಸವರಿ, ಕಟ್ಟು ಎತ್ತಿಕೊಂಡು ಹೋದಳು.

ನಾನು ದಾಟಿ ಹೋದಾಗ ಕಲಿಪಾ ನೋಟುಗಳನ್ನು ಹಾಗೇ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತಿದ್ದಳು.

"ಕಡಿಮೆ ಮಾಡು ಅಂತ ಒಂದು ಮಾತು ಅನ್ನಲಿಲ್ಲ ಕಣಕ್ಕ," ಎಂದಳು. "ನಿನ್ನ ಬೆಲೆಗೆ ಬೆಂಕಿ ಬೀಳ, ಅಂತ ಬಯ್ಯಲೂ ಇಲ್ಲ. ಬೀದಿಯಲ್ಲಿ ಕೂತ ಮುದುಕಿಗೆ ಕೊಟ್ಟ ಹಾಗೆ ಕೊಟ್ಟು ಹೋದಳು."

ಪಕ್ಕದಲ್ಲಿ ಒಂದು ಪೆಟ್ಟಿಗೆ ಎಳೆದುಕೊಂಡು ಕೂತೆ. ಆಮೇಲೆ ಸಂಜೆಯವರೆಗೆ ಅವಳು ಏನನ್ನೂ ಮಾರಲಿಲ್ಲ. ಇಷ್ಟು ವರ್ಷ ಗಿರಾಕಿಯನ್ನು ಬಚ್ಚಿಟ್ಟವಳು ಬಂದವರನ್ನೆಲ್ಲ ಎದುರಿನ ನನ್ನ ಕಾಲುಚೀಲದ ಅಂಗಡಿಗೆ ಹೋಗಿ ಎಂದು ಕಳಿಸಿದಳು, ಮಕ್ಕಳ ಕೋಟು ಕೇಳಿಕೊಂಡು ಬಂದವರನ್ನೂ.