ಅರೆಬೆಂದ ಚಪಾತಿ ಮತ್ತು ಹುಸೇನಮ್ಮ

ಹುಸೇನಮ್ಮ ಸುರಪುರದ ಕಡೆಯವಳು. ರಾಮಮೂರ್ತಿ ನಗರದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಗಂಡ ಭಗವಂತರಾಯ ಕಟ್ಟಡದ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಇವಳ ಕೈಯೇ ಮನೆಗೆ ಆಧಾರ. ಸಂಜೆ ಜೀವನ್ ಬಿಮಾ ನಗರದ ಮೂರು ಮನೆಗಳಲ್ಲಿ ಚಪಾತಿ ಮಾಡುತ್ತಿದ್ದಳು. ೨೦೦೬ರ ಹೊತ್ತಿಗೆ ಎರಡು ಮನೆಯವರು ಬಿಡಿಸಿದ್ದರು. ಉಳಿದದ್ದು ನಮ್ಮದೊಂದೇ. ಇದೂ ಹೋದರೆ ಗಂಡನನ್ನು ಕಟ್ಟಿಕೊಂಡು ಊರಿಗೆ ಹೋಗಬೇಕು, ಅಲ್ಲಿ ಆಸ್ಪತ್ರೆಯಿಲ್ಲ ಎಂದು ಅವಳೇ ಹೇಳಿದ್ದಳು. ನನಗೆ ಗೊತ್ತಿರಲಿಲ್ಲ ಎಂದು ನಾನು ಹೇಳಲಾರೆ.

ಮಾವ ವೆಂಕಟಸುಬ್ಬಯ್ಯನವರಿಗೆ ಸಕ್ಕರೆ ಕಾಯಿಲೆ, ರಾತ್ರಿ ಚಪಾತಿಯೇ ಆಗಬೇಕು. ಅತ್ತೆ ಅಲಮೇಲು ಪುಳಿಯೋಗರೆಗೆ ಹೆಸರಾದವರು. ಅವರು ಲಟ್ಟಿಸಿದ ಚಪಾತಿ ಮಾತ್ರ ಶ್ರೀಲಂಕಾದ ನಕ್ಷೆ ಆಗುತ್ತಿತ್ತು. ಹಾಗಾಗಿ ಹುಸೇನಮ್ಮ.

ಆ ವರ್ಷ ದೊಡ್ಡ ಫ್ರಿಜ್ ಕೊಂಡೆವು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನಾನೂ ಅಷ್ಟೇ, ಹಂಡ್ರೆಡ್ ಫೀಟ್ ರೋಡಿನ ಅಂಗಡಿಯಿಂದ ಅರೆಬೆಂದ ಚಪಾತಿ, ಆಲೂ ಟಿಕ್ಕಿ, ಕಂಡದ್ದನ್ನೆಲ್ಲ ತಂದು ಫ್ರೀಜರಿಗೆ ತುಂಬಿದೆ. ಮಾವನಿಗೆ ಶೀತವಾದೀತೆಂದು ಅತ್ತೆ ಆ ರಾತ್ರಿಗೆ ಬೇಕಾದಷ್ಟನ್ನು ಮಧ್ಯಾಹ್ನವೇ ತೆಗೆದು ಹೊರಗಿಟ್ಟರು. ಸಂಜೆಗೆ ಚಪಾತಿಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. ಟಿಕ್ಕಿ ಬಾಣಲೆಯಲ್ಲಿ ಒಡೆದು ಎಣ್ಣೆ ಕುಡಿದವು.

"ಎಸೆದ್ಬಿಡಿ ಅತ್ತೆ. ಇನ್ಮೇಲೆ ಇದನ್ನ ತರಲ್ಲ," ಅಂದೆ.

ಹುಸೇನಮ್ಮ ಸುಮ್ಮನಿದ್ದಿದ್ದರೆ ಗೆದ್ದಿದ್ದಳು. ಇರಲಿಲ್ಲ ಪುಣ್ಯಾತ್ಗಿತ್ತಿ.

"ರೊಟ್ಟಿ ಚೆಲ್ಲಬಾರದ್ರೀ ಅಕ್ಕಾರ. ಕೊಡ್ರಿ ಇಲ್ಲಿ."

ಮುದ್ದೆಯನ್ನು ಹರಿದು, ಹಂಚಿನ ಮೇಲೆ ಗರಿಗರಿಯಾಗಿಸಿ, ಕುಟ್ಟಿ, ಬೆಲ್ಲ, ತುಪ್ಪ, ಏಲಕ್ಕಿ ಹಾಕಿ ತಮ್ಮ ಕಡೆಯ ಮಾದಲಿ ಮಾಡಿದಳು. ಮಾವ ಕಾಯಿಲೆ ಮರೆತು ಎರಡು ಸಲ ಹಾಕಿಸಿಕೊಂಡರು. ಒಡೆದ ಟಿಕ್ಕಿಗೆ ಈರುಳ್ಳಿ ಒಗ್ಗರಣೆ ಬಿದ್ದು ಪಲ್ಯವಾಯಿತು. ಇಂಗ್ಲಿಷ್ ಓದಿಕೊಂಡ ನಾನು ಪ್ಯಾಕೆಟ್ಟಿನ ಹಿಂಭಾಗ ನೋಡಿರಲಿಲ್ಲ. ಅವಳು ಅಲ್ಲಿದ್ದ ಚಿತ್ರ ನೋಡಿ, ಮರುದಿನ ಇನ್ನೊಂದು ಪ್ಯಾಕೆಟ್ ಒಡೆದು, ಚಪಾತಿಯನ್ನು ಕಲ್ಲಿನಂತೆ ಇರುವಾಗಲೇ ಕಾದ ಹಂಚಿಗೆ ಹಾಕಿ ಬಟ್ಟೆಯಿಂದ ಒತ್ತಿದಳು. ಪೂರಿಯಂತೆ ಉಬ್ಬಿತು. ಅತ್ತೆಯ ಕೈಗೂ ಬಟ್ಟೆ ಕೊಟ್ಟು ಕಲಿಸಿದಳು. ಹೊಸದನ್ನೂ ತಾನು ಬಲ್ಲೆನೆಂದು ತೋರಿಸಿದರೆ ಈ ಮನೆ ಕೈಬಿಡುವುದಿಲ್ಲ ಎಂದು ನಂಬಿದ್ದಳು.

ಮೂರು ವಾರಕ್ಕೆ ಅತ್ತೆಯ ಕೈ ಪಳಗಿತು.

"ಇಷ್ಟಕ್ಕೆ ಆಳು ಯಾಕೆ ಶ್ರೀವಿದ್ಯಾ? ನಾನೇ ಮಾಡ್ಕೋತೀನಿ," ಅಂದರು.

ಹುಸೇನಮ್ಮನಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಸುತ್ತಿ ಬಳಸಿ ಹೇಳಿದೆ. ಹೇಳುವಾಗ ನಾಚಿಕೆಯಾಯಿತು, ಆದರೂ ಹೇಳಿದೆ.

"ಬ್ಯಾರೆ ಮನಿ ಇದ್ರ ಹೇಳ್ರಿ," ಅಂದಳು.

ನಮ್ಮ ಬೀದಿಯ ಮನೆಮನೆಗೂ ಅದೇ ಪ್ಯಾಕೆಟ್ಟು ಬಂದಿತ್ತು. ಅವರಿಗೆಲ್ಲ ರುಚಿ ಹತ್ತಿಸಿದವಳೂ ನಾನೇ, ಅವಳ ಮಾದಲಿಯನ್ನು ಹಂಚಿ, ಅವಳು ಚಪಾತಿ ಬೇಯಿಸುವ ಬಗೆ ವರ್ಣಿಸಿ. "ನೋಡ್ತೀನಿ," ಅಂದೆ. ನೋಡಲು ಏನೂ ಇಲ್ಲವೆಂದು ಇಬ್ಬರಿಗೂ ತಿಳಿದಿತ್ತು.

ಅವಳು ಫ್ರೀಜರಿನ ಬಾಗಿಲು ತೆಗೆದಳು.

"ಒಡದಿದ್ದ ಪ್ಯಾಕೆಟ್‌ನ್ಯಾಗ ಇನ್ನಾ ಆರು ಅದಾವ್ರಿ. ಮಾಡಿಟ್ಟು ಹೋಗ್ಲೇನ್ರಿ? ಕೆಡ್ತಾವ."

ಹೂಂ ಅಂದೆ. ಮಾಡಿಟ್ಟಳು, ಹಂಚು ಒರೆಸಿಟ್ಟಳು, ಚಪ್ಪಲಿ ಮೆಟ್ಟಿ ಹೋದಳು. ಆರನ್ನೂ ನಾವು ತಿಂದೆವು. ಚೆನ್ನಾಗಿಯೇ ಇದ್ದವು.