ಸೀಟಿ ಹೊಡೆಯದ ಕುಕ್ಕರ್

ಆ ದಿನ ದುರ್ಗದಬೈಲಿನ ಚಹಾದಂಗಡಿಯಲ್ಲಿ ಕೇಳಿಸಿದ ಸಪ್ಪಳ ನಿಮ್ಮ ಕಿವಿಯದಲ್ಲ, ಕಾಕಾ. ನಿಮ್ಮ ತಲೆಯೂ ಕೆಟ್ಟಿರಲಿಲ್ಲ. ಅದು ನನ್ನ ಬಾಯಿ.

ಹೌದು, ನಾನೇ— ನಿಮ್ಮ ಎದುರುಮನೆಯವನು, ಊರವರ ದನಿಯನ್ನೆಲ್ಲ ಕದ್ದು ಚಪ್ಪಾಳೆ ಗಿಟ್ಟಿಸುವ ಮಂಗ.

ಕಿವಿಯೊಳಗೆ ಸದಾ ಸಪ್ಪಳ ಕೇಳಿಸುವ ಕಿವಿಮೊರೆತದವರೆಲ್ಲ ಕೂಡಿ, ಈಗಷ್ಟೇ ಕಣ್ಣುಬಿಟ್ಟ ಒಂದು ಚಿಕಿತ್ಸೆಯ ಸಂಶೋಧನೆಗೆ ಪೇಟೆಯವರಿಂದ ದುಡ್ಡು ಕೇಳಿ ಪಟ್ಟಿ ಎತ್ತುತ್ತಿದ್ದಿರಿ. ‘ಕಾಣದ ರೋಗ, ಇನ್ನೂ ಹುಟ್ಟದ ಔಷಧ. ಇದಕ್ಯಾಕ್ರಿ ಪಟ್ಟಿ?’ ಎಂದು ಅಂಗಡಿಕಾರರು ನಗುತ್ತಿದ್ದರು. ಅದಕ್ಕೇ ನೀವು ನನ್ನನ್ನು ಮನೆಗೆ ಕರೆಸಿದಿರಿ— ಪಟ್ಟಿಗಾಗಿ ರಾಯಾಪುರದಲ್ಲಿ ಕರೆದಿದ್ದ ಸಭೆಯಲ್ಲಿ ನಿಮ್ಮ ಕಿವಿಯ ಸಪ್ಪಳವನ್ನು ನಾನು ಮೈಕಿನಲ್ಲಿ ಕೇಳಿಸಬೇಕಿತ್ತು.

‘ಕುಕ್ಕರ್ ಸೀಟಿ ಹೊಡಿಯೂ ಮೊದ್ಲ ಸುಂಯ್ ಅಂತದಲ್ಲ, ಅದು. ಸೀಟಿ ಮಾತ್ರ ಎಂದೂ ಹೊಡಿಯಂಗಿಲ್ಲ.’

ಹಲ್ಲಿನ ಸಂದಿಯಿಂದ ಗಾಳಿ ಬಿಟ್ಟೆ. ‘ಇನ್ನ ಸಣ್ಣಗ ತಮ್ಮಾ... ಇನ್ನೂ... ಹಾಂ, ಇದ.’ ನಿಮ್ಮ ಕಣ್ಣು ತುಂಬಿದವು. ಅಡುಗೆಮನೆಯಲ್ಲಿದ್ದ ಕಾಕುವನ್ನು ಕೂಗಿದಿರಿ— ‘ಏ, ಬಾ ಇಲ್ಲೆ. ನನ್ನ ಕಿವ್ಯಾಗಿಂದು ಕೇಳು.’

ಮರುದಿನ ಚಹಾದಂಗಡಿಯಲ್ಲಿ ನೀವು ನನಗೆ ಬೆನ್ನು ಮಾಡಿ ಕೂತಿದ್ದಿರಿ. ಗೆಳೆಯರಿಗೆ ಕಣ್ಣು ಹೊಡೆದು ಅದೇ ಸುಂಯ್ ತೆಗೆದೆ. ನೀವು ತಿರುಗಿದಿರಿ. ಮುಖದ ಮೇಲೆ ಎಂಥ ಆಸೆ—

‘ನಿಮಗೂ ಕೇಳಿಸ್ತೇನ್ರೋ?’

‘ಏನ್ ಕಾಕಾ? ಏನೂ ಇಲ್ಲಲ್ಲ.’

ಚಹಾದ ಕಪ್ಪಿನ ಮರೆಯಲ್ಲಿ ಮತ್ತೆ ತೆಗೆದೆ. ನೀವು ಎರಡೂ ಕಿವಿ ಮುಚ್ಚಿಕೊಂಡಿರಿ. ಮುಚ್ಚಿದಾಗ ಸಪ್ಪಳ ತಗ್ಗಿರಬೇಕು, ಅದು ಹೊರಗಿನದೆಂದು ಹೊಳೆದಿರಲೂಬಹುದು— ಆದರೆ ಇಡೀ ಅಂಗಡಿ ನಗು ನುಂಗಿಕೊಂಡು, ಇಲ್ಲವೆಂದು ತಲೆಯಾಡಿಸುತ್ತಿತ್ತು. ನೀವು ನಿಮ್ಮ ಕಿವಿಯನ್ನು ಬಿಟ್ಟು ನಮ್ಮನ್ನು ನಂಬಿದಿರಿ.

ಸಂಜೆ ನಿಮ್ಮ ಗುಂಪಿನವರಿಗೆ ಹೇಳಿದಿರಂತೆ: ‘ನನ್ನ ಬಿಡ್ರಿ. ನಂದು ಕಿವಿ ಅಲ್ಲ, ತಲಿ ಕೆಟ್ಟದ. ಹುಚ್ಚನ್ನ ಮುಂದ ಮಾಡ್ಕೊಂಡ್ ಹೋದ್ರ ಯಾರ್ ಕೊಡ್ತಾರ?’ ಪೇಟೆಯವರು ಇಲ್ಲವೆನ್ನಲಾಗದ ಮುಖ ನಿಮ್ಮದೊಂದೇ ಆಗಿತ್ತು. ಸಭೆ ನಡೆಯಲಿಲ್ಲ. ಪಟ್ಟಿ ನಿಂತಿತು.

ಆ ಮಾತನ್ನೂ ನಿಮ್ಮದೇ ದನಿಯಲ್ಲಿ ಗೆಳೆಯರಿಗೆ ಮಾಡಿ ತೋರಿಸಿದೆ. ಬಿದ್ದುಬಿದ್ದು ನಕ್ಕರು. ನಾನೂ.

ವರ್ಷಗಳಾದವು. ಈಗ ಯಾರು ಕರೆದರೂ ನೀವು ತಿರುಗುವುದಿಲ್ಲ. ಮೊದಲು ಕಾಕುವಿನ ಮುಖ ನೋಡುತ್ತೀರಿ— ಅವರಿಗೂ ಕೇಳಿಸಿತೇ ಎಂದು. ನನ್ನ ಕಿಟಕಿಯಿಂದ ಅದು ಕಾಣುತ್ತದೆ. ದಿನಾ ಕಾಣುತ್ತದೆ.

ನಾಳೆ ನಿಮ್ಮ ಬಾಗಿಲಲ್ಲಿ ನಿಂತು ಆ ಸುಂಯ್ ತೆಗೆಯುತ್ತೇನೆ, ಆಮೇಲೆ ಇದೆಲ್ಲ ಹೇಳುತ್ತೇನೆ. ಕ್ಷಮಿಸಬೇಡಿ. ಕಾಕುವಿನ ಮುಖವನ್ನೊಮ್ಮೆ ನೋಡಿ, ಸಾಕು.

ಅವರಿಗೂ ಕೇಳಿಸಿರುತ್ತದೆ.